ಕಾರ್ಡೆಲ್ ಹಲ್ (1871–1955): ಆರ್ಥಿಕ ಮಹಾಕುಸಿತದ ಕಾಲದಲ್ಲಿ ಸುಂಕ ತಗ್ಗಿಸಿದ ಮುತ್ಸದ್ದಿ

ಜನನ ಮತ್ತು ಆರಂಭಿಕ ಜೀವನ

ಶ್ರೀ ಕಾರ್ಡೆಲ್ ಹಲ್‌ರವರು 1871ರ ಅಕ್ಟೋಬರ್ 2ರಂದು ಅಮೆರಿಕದ ಟೆನೆಸೀ ರಾಜ್ಯದಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. 1891ರಲ್ಲಿ ಕಾನೂನು ಶಿಕ್ಷಣ ಮುಗಿಸಿ ವಕೀಲಿ ವೃತ್ತಿ ಕೈಗೊಂಡರು. ರಾಜ್ಯ ಶಾಸನಸಭೆಯ ಸದಸ್ಯರಾಗಿ, ಅನಂತರ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿ, 1907ರಲ್ಲಿ ಅಮೆರಿಕ ಸಂಸತ್ತಿನ ಕೆಳಮನೆಯನ್ನು ಪ್ರವೇಶಿಸಿದರು. 1913ರ ಆದಾಯ ತೆರಿಗೆ ಕಾನೂನನ್ನು ರೂಪಿಸುವಲ್ಲಿ ಇವರ ಪಾತ್ರ ಪ್ರಮುಖವಾಗಿತ್ತು. ವ್ಯಾಪಾರಕ್ಕೆ ಅಡ್ಡಿಯಾಗುವ ಸುಂಕಗಳು ದೇಶಗಳ ನಡುವಿನ ವೈಮನಸ್ಯಕ್ಕೂ ಕಾರಣವಾಗುತ್ತವೆಂಬ ನಂಬಿಕೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇವರಲ್ಲಿ ದೃಢವಾಯಿತು.

1930ರ ಸುಂಕ ಕಾಯಿದೆ

1929ರಲ್ಲಿ ಆರಂಭವಾದ ಕುಸಿತದಿಂದ ಸ್ವದೇಶಿ ರೈತರನ್ನೂ ಕೈಗಾರಿಕೆಗಳನ್ನೂ ರಕ್ಷಿಸುವುದಾಗಿ ಹೇಳಿ, 1930ರ ಜೂನ್ 17ರಂದು ಸ್ಮೂಟ್-ಹಾಲಿ ಕಾಯಿದೆಯನ್ನು ಜಾರಿಗೆ ತರಲಾಯಿತು. ನೂರಾರು ಸರಕುಗಳ ಆಮದು ಸುಂಕ ಏರಿತು. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಇದನ್ನು ವಿರೋಧಿಸಿ ಅಧ್ಯಕ್ಷರಿಗೆ ಮನವಿ ಸಲ್ಲಿಸಿದ್ದರು. ಹಲ್‌ರವರೂ ಇದರ ಪ್ರಬಲ ವಿರೋಧಿಗಳಲ್ಲೊಬ್ಬರು. ಕೆನಡಾ ಹಾಗೂ ಯೂರೋಪಿನ ಹಲವು ರಾಷ್ಟ್ರಗಳು ಪ್ರತಿಯಾಗಿ ತಮ್ಮ ಸುಂಕವನ್ನು ಹೆಚ್ಚಿಸಿದವು. 1929ರಲ್ಲಿ ಸುಮಾರು 520 ಕೋಟಿ ಡಾಲರ್ ಇದ್ದ ಅಮೆರಿಕದ ರಫ್ತು 1932ರಲ್ಲಿ ಸುಮಾರು 160 ಕೋಟಿ ಡಾಲರಿಗೆ ಇಳಿಯಿತು. ಬೇಡಿಕೆ ಮತ್ತು ಬೆಲೆಗಳ ಕುಸಿತ ಇದಕ್ಕೆ ಮುಖ್ಯ ಕಾರಣವಾದರೂ, ಸುಂಕದ ಪೈಪೋಟಿಯು ಸಂಕಷ್ಟವನ್ನು ಉಲ್ಬಣಗೊಳಿಸಿತು. ಹೊರದೇಶದ ಮಾರುಕಟ್ಟೆಯನ್ನು ಅವಲಂಬಿಸಿದ್ದ ಹತ್ತಿ ಮತ್ತು ಗೋಧಿ ಬೆಳೆಗಾರರು ತೀವ್ರ ನಷ್ಟಕ್ಕೀಡಾದರು.

ಪರಸ್ಪರ ವ್ಯಾಪಾರ ಒಪ್ಪಂದಗಳು

1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ರವರು ಹಲ್‌ರವರನ್ನು ವಿದೇಶಾಂಗ ಕಾರ್ಯದರ್ಶಿಯಾಗಿ ನೇಮಿಸಿದರು. ಅದುವರೆಗೆ ಸಂಸತ್ತೇ ಸರಕುವಾರು ಸುಂಕ ನಿಗದಿಪಡಿಸುತ್ತಿದ್ದುದರಿಂದ, ಸದಸ್ಯರು ತಂತಮ್ಮ ಕ್ಷೇತ್ರದ ಉತ್ಪನ್ನಗಳಿಗೆ ರಕ್ಷಣೆ ಕೋರಿ ಪರಸ್ಪರ ಬೆಂಬಲ ನೀಡುವುದು ವಾಡಿಕೆಯಾಗಿತ್ತು. ಹಲ್‌ರವರ ಸತತ ಪ್ರಯತ್ನದಿಂದ 1934ರ ಜೂನ್ 12ರಂದು ಜಾರಿಗೆ ಬಂದ ಕಾಯಿದೆಯು, ಇತರ ರಾಷ್ಟ್ರಗಳೊಡನೆ ಒಪ್ಪಂದ ಮಾಡಿಕೊಂಡು ಸುಂಕವನ್ನು ಶೇ. 50ರವರೆಗೆ ಇಳಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ನೀಡಿತು. ಒಂದು ರಾಷ್ಟ್ರಕ್ಕೆ ನೀಡಿದ ರಿಯಾಯಿತಿಯನ್ನು, ಅಮೆರಿಕದ ಸರಕಿಗೆ ತಾರತಮ್ಯ ತೋರದ ಇತರ ರಾಷ್ಟ್ರಗಳಿಗೂ ವಿಸ್ತರಿಸಲಾಯಿತು. ಮೊದಲ ಒಪ್ಪಂದ ಅದೇ ವರ್ಷ ಕ್ಯೂಬಾದೊಂದಿಗೆ ಏರ್ಪಟ್ಟಿತು. ಈ ಅಧಿಕಾರದ ಅವಧಿ ಮೂರು ವರ್ಷ ಮಾತ್ರವಾಗಿದ್ದುದರಿಂದ, 1937, 1940 ಹಾಗೂ 1943ರಲ್ಲಿ ವಿರೋಧದ ನಡುವೆಯೂ ಅದನ್ನು ನವೀಕರಿಸಬೇಕಾಯಿತು.

ಕೊನೆಯ ವರ್ಷಗಳು

ಅನಾರೋಗ್ಯದ ಕಾರಣ 1944ರಲ್ಲಿ ಹಲ್‌ರವರು ಹುದ್ದೆಯಿಂದ ನಿವೃತ್ತರಾದರು. ವಿಶ್ವಸಂಸ್ಥೆಯ ಸ್ಥಾಪನೆಯಲ್ಲಿ ವಹಿಸಿದ ಪಾತ್ರಕ್ಕಾಗಿ 1945ರ ನೊಬೆಲ್ ಶಾಂತಿ ಪುರಸ್ಕಾರಕ್ಕೆ ಪಾತ್ರರಾದರು. 1947ರಲ್ಲಿ ಭಾರತವೂ ಸೇರಿದಂತೆ 23 ರಾಷ್ಟ್ರಗಳು ಸಹಿ ಮಾಡಿದ ಸುಂಕ ಮತ್ತು ವ್ಯಾಪಾರದ ಸಾಮಾನ್ಯ ಒಪ್ಪಂದಕ್ಕೆ (ಗ್ಯಾಟ್) ಇವರ ನೀತಿಯೇ ತಳಹದಿಯಾಯಿತು. 1955ರ ಜುಲೈ 23ರಂದು ಹಲ್‌ರವರು ನಿಧನರಾದರು. ಸಂಕಷ್ಟದ ಕಾಲದಲ್ಲಿ ಸುಂಕ ಏರಿಸುವುದು ಸುಲಭ, ಏರಿಸಿದ್ದನ್ನು ಇಳಿಸಲು ಹಲವು ವರ್ಷಗಳ ಸಂಧಾನ ಬೇಕಾಗುತ್ತದೆ ಎಂಬುದಕ್ಕೆ ಇವರ ಜೀವನ ನಿದರ್ಶನವಾಗಿದೆ.