ನೇಗಿಲ ಸಾಲು, ಪರದೆಯ ಸಾಲು: ಫಿಲೋ ಫಾರ್ನ್ಸ್‌ವರ್ತ್

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಟಿ.ವಿ. ಪರದೆಯ ಬಗ್ಗೆ ಪಾಠ ಮಾಡಿದೆ. ಫ್ರೇಮ್, ರೆಸಲ್ಯೂಷನ್, 1080ಐ, 1080ಪಿ, 4ಕೆ ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬರೆದು ಅರ್ಥ ಹೇಳಿದೆ. ಐದೇ ನಿಮಿಷಕ್ಕೆ ಮಕ್ಕಳು ಕಿಟಕಿಯಾಚೆ ನೋಡತೊಡಗಿದರು. ಮರುದಿನ ಪಟ್ಟಿ ಬಿಟ್ಟು ಒಬ್ಬ ಹುಡುಗನ ಕತೆ ಹೇಳಿದೆ.

ಫಿಲೋ ಫಾರ್ನ್ಸ್‌ವರ್ತ್ 1906ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹುಟ್ಟಿದ ರೈತರ ಮಗ. ಆಮೇಲೆ ಮನೆಯವರು ಐಡಹೋ ರಾಜ್ಯದ ರಿಗ್ಬಿ ಬಳಿ ಬೇಸಾಯಕ್ಕೆ ಹೋದರು. ಹದಿನಾಲ್ಕನೇ ವಯಸ್ಸಿನಲ್ಲಿ ಹೊಲದ ಸಾಲುಗಳನ್ನು ಕಂಡಾಗ, ಚಿತ್ರವನ್ನೂ ಹೀಗೆಯೇ ಎಲೆಕ್ಟ್ರಾನ್‌ಗಳಿಂದ ಸಾಲುಸಾಲಾಗಿ ಉತ್ತು ದೂರಕ್ಕೆ ಕಳಿಸಬಹುದೆಂದು ಅವನಿಗೆ ಹೊಳೆಯಿತಂತೆ. ಉಳಿದವರು ಆಗ ತೂತುಗಳಿದ್ದ ತಿರುಗುವ ತಟ್ಟೆಯನ್ನು ನಂಬಿದ್ದರು. ಕನ್ನಡದಲ್ಲಿ ನೇಗಿಲಿನದೂ ಸಾಲೇ, ಪರದೆಯದೂ ಸಾಲೇ. ನನಗೆ ಬೇರೆ ಪಾಠೋಪಕರಣ ಬೇಕಾಗಲಿಲ್ಲ.

1922ರಲ್ಲಿ ಆ ಹುಡುಗ ತನ್ನ ರಸಾಯನಶಾಸ್ತ್ರದ ಮೇಷ್ಟ್ರು ಜಸ್ಟಿನ್ ಟೋಲ್ಮನ್ ಅವರಿಗೆ ಈ ಯೋಜನೆಯನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ. ಮೇಷ್ಟ್ರು ನಗಲಿಲ್ಲ, ಕೇಳಿಸಿಕೊಂಡರು.

1927ರ ಸೆಪ್ಟೆಂಬರ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯದಲ್ಲಿ ಫಾರ್ನ್ಸ್‌ವರ್ತ್ ಅವರ ಪರದೆಯ ಮೇಲೆ ಒಂದೇ ಒಂದು ಗೆರೆ ಮೂಡಿತು. ಈ ಕಡೆ ಗೆರೆಯನ್ನು ತಿರುಗಿಸಿದರೆ ಆ ಕಡೆಯೂ ತಿರುಗಿತು. ಅವರಿಗಾಗ 21 ವರ್ಷ. ಮುಂದೆ ಆರ್‌ಸಿಎ ಎಂಬ ದೊಡ್ಡ ಕಂಪನಿಯೊಡನೆ ಪೇಟೆಂಟ್ ವ್ಯಾಜ್ಯ ನಡೆಯಿತು. ಟೋಲ್ಮನ್ ತಮ್ಮ ಶಿಷ್ಯ ಬಿಡಿಸಿದ್ದ ಚಿತ್ರದ ಬಗ್ಗೆ ಸಾಕ್ಷಿ ನುಡಿದರು. ತೀರ್ಪು ಆ ಚಿತ್ರವೊಂದರ ಮೇಲೆಯೇ ನಿಂತಿರಲಿಲ್ಲ. ಆದರೂ 1934ರಲ್ಲಿ ಗೆದ್ದವರು ಫಾರ್ನ್ಸ್‌ವರ್ತ್. 1939ರಲ್ಲಿ ಆ ಕಂಪನಿ ಅವರ ಪೇಟೆಂಟ್‌ಗೆ ಹಣ ಕೊಡಲು ಒಪ್ಪಿತು. ಅಷ್ಟರಲ್ಲಿ ಯುದ್ಧ ಬಂತು, ಟಿ.ವಿ. ತಯಾರಿಕೆ ನಿಂತಿತು, ಪೇಟೆಂಟ್‌ನ ಅವಧಿಯೂ ಮುಗಿಯಿತು. ಅವರು 1971ರಲ್ಲಿ ತೀರಿಕೊಂಡರು.

ಇಷ್ಟಾದ ಮೇಲೆ ಪದಗಳು ತಾವಾಗಿ ಬಂದವು. ಇಡೀ ಹೊಲ ಒಮ್ಮೆ ಉತ್ತರೆ ಒಂದು ಫ್ರೇಮ್. ನಮ್ಮ ಹಳೆಯ ದೂರದರ್ಶನದಲ್ಲಿ ಒಂದು ಫ್ರೇಮ್‌ಗೆ 625 ಸಾಲು, ಸೆಕೆಂಡಿಗೆ 25 ಫ್ರೇಮ್. ಮೊದಲು ಬೆಸ ಸಾಲು, ಆಮೇಲೆ ಸಮ ಸಾಲು ಉಳುವುದು ‘ಐ’. ಎಲ್ಲವನ್ನೂ ಕ್ರಮವಾಗಿ ಉಳುವುದು ‘ಪಿ’. ಬೆಸ ಸಾಲಿನದೊಂದು, ಸಮ ಸಾಲಿನದೊಂದು, ಹೀಗೆ ಎರಡಾಗಿ ಬರುವ ಅರೆಚಿತ್ರಕ್ಕೆ ಇಂಗ್ಲಿಷಿನಲ್ಲಿ ಫೀಲ್ಡ್ ಎಂದೇ ಹೆಸರು ಎಂದಾಗ ತರಗತಿ ನಕ್ಕಿತು. 1080 ಎಂದರೆ ಮೇಲಿಂದ ಕೆಳಗೆ ಇರುವ ಸಾಲುಗಳ ಎಣಿಕೆ. 4ಕೆಯಲ್ಲಿ ಮಾತ್ರ ಎಣಿಕೆ ಅಡ್ಡಕ್ಕೆ ತಿರುಗುತ್ತದೆ: ಒಂದು ಸಾಲಿನಲ್ಲಿ 3840 ಚುಕ್ಕಿ, ಅಂದರೆ ಸುಮಾರು ನಾಲ್ಕು ಸಾವಿರ, ಸಾಲುಗಳು 2160. ಈ ಗೊಂದಲ ಮಾರುವವರಿಗೆ ಲಾಭ ಎಂದು ನನಗೆ ಅನುಮಾನ.

ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. ಬೆಸ ಸಾಲು ಮುಗಿದು ಸಮ ಸಾಲು ಬರುವಷ್ಟರಲ್ಲಿ ಚೆಂಡು ಮುಂದೆ ಹೋಗಿದ್ದರೆ ಏನಾಗುತ್ತದೆ ಎಂದು ಕೇಳಿದಳು. ತಾನೇ ಬಂದು ಹಲಗೆಯ ಮೇಲೆ ಅಂಚೆಲ್ಲ ಬಾಚಣಿಗೆಯ ಹಲ್ಲಿನಂತಾದ ಚೆಂಡು ಬಿಡಿಸಿದಳು. ಅದು ಸರಿಯಾದ ಉತ್ತರ. ಹಾಗೆಂದು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮುಂದಿನ ಅವಧಿಯ ಶಿಕ್ಷಕರು ಬಾಗಿಲಲ್ಲಿದ್ದರು. ಗಾಬರಿಯಲ್ಲಿ ಡಸ್ಟರ್ ತೆಗೆದುಕೊಂಡು ಎಲ್ಲವನ್ನೂ ಅಳಿಸಿಬಿಟ್ಟೆ.

ವೀಕ್ಷಣಾ ಪುಸ್ತಕದಲ್ಲಿ ನಮ್ಮ ಉಪನ್ಯಾಸಕರು ಕತೆಯ ಬಗ್ಗೆ ಏನೂ ಬರೆದಿರಲಿಲ್ಲ. ಆ ಚಿತ್ರ ಎಲ್ಲಿ ಎಂದಷ್ಟೇ ಕೇಳಿದ್ದರು. ಮಾರನೆಯ ದಿನ ಅವಳಿಂದ ಹಾಳೆಯ ಮೇಲೆ ಮತ್ತೆ ಬರೆಸಿ, ಹೆಸರು ಮತ್ತು ದಿನಾಂಕ ಹಾಕಿಸಿ, ಪಾಠ ಯೋಜನೆಯ ಕಡತದಲ್ಲಿ ಇಟ್ಟುಕೊಂಡಿದ್ದೇನೆ.