ಕೆಂಗಲ್ ಹನುಮಂತಯ್ಯ ಮತ್ತು ಅಳಿದುಹೋದ ಬೆಂಗಳೂರು ಕ್ಷೇತ್ರ

ಹೆಬ್ಬಾಳ: ಹೆಬ್ಬಾಳ, ಮಲ್ಲೇಶ್ವರ, ಯಶವಂತಪುರ, ಬ್ಯಾಟರಾಯನಪುರಗಳ ಮತದಾರರು ಇಂದು ಲೋಕಸಭೆಗೆ ತಮ್ಮ ಪ್ರತಿನಿಧಿಯನ್ನು ಆರಿಸುವುದು ಬೆಂಗಳೂರು ಉತ್ತರ ಕ್ಷೇತ್ರದಿಂದ. ಆದರೆ ಈ ಹೆಸರು ಮೊದಲಿನಿಂದಲೂ ನಿರಂತರವಾಗಿ ಉಳಿದುಬಂದದ್ದಲ್ಲ. ಮೊದಲ ಮಹಾಚುನಾವಣೆಯಲ್ಲಿ ಉತ್ತರ, ದಕ್ಷಿಣ ಎಂಬ ಎರಡು ಕ್ಷೇತ್ರಗಳಿದ್ದವು. 1957ರಲ್ಲಿ ಅವು ಅಳಿದು ಬೆಂಗಳೂರು ನಗರ ಹಾಗೂ ಬೆಂಗಳೂರು ಎಂಬ ಕ್ಷೇತ್ರಗಳಾದವು. 1967ರಲ್ಲಿ ಕನಕಪುರ, ಹೊಸಕೋಟೆ ಕ್ಷೇತ್ರಗಳು ತಲೆಯೆತ್ತಿದಾಗ ಬೆಂಗಳೂರಿನ ಹೆಸರಿನಲ್ಲಿ ಉಳಿದದ್ದು ಒಂದೇ ಒಂದು. ಉತ್ತರ, ದಕ್ಷಿಣಗಳು ಮರಳಿ ಕಾಣಿಸಿಕೊಂಡದ್ದು 1977ರಲ್ಲಿ. ಈ ನಡುವಿನ ಕಾಲದ ಚುನಾವಣಾ ಚರಿತ್ರೆ ಬಹುಮಟ್ಟಿಗೆ ಒಬ್ಬ ವ್ಯಕ್ತಿಯ ಚರಿತ್ರೆಯೇ ಆಗಿದೆ. ಅವರೇ 1962, 1967 ಹಾಗೂ 1971ರಲ್ಲಿ ಸತತವಾಗಿ ಇಲ್ಲಿಂದ ಆರಿಸಿ ಬಂದ ಕೆಂಗಲ್ ಹನುಮಂತಯ್ಯ.

ಹನುಮಂತಯ್ಯನವರು 1908ರ ಫೆಬ್ರುವರಿಯಲ್ಲಿ ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿಯಲ್ಲಿ ಒಕ್ಕಲಿಗ ಕುಟುಂಬದಲ್ಲಿ ಜನಿಸಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪದವಿ ಪಡೆದು, ಪುಣೆಯಲ್ಲಿ ಕಾನೂನು ವ್ಯಾಸಂಗ ಮುಗಿಸಿ ವಕೀಲಿ ವೃತ್ತಿಗಿಳಿದರು. ಸ್ವಾತಂತ್ರ್ಯ ಚಳವಳಿಯಲ್ಲಿ ಹಲವು ಬಾರಿ ಸೆರೆವಾಸ ಅನುಭವಿಸಿದರು. ಮುಂದೆ ಮೈಸೂರು ಸಂಸ್ಥಾನದಿಂದ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ಸಂವಿಧಾನದ ಕರಡಿನಲ್ಲಿ ದೇಶೀಯ ಸ್ವರಕ್ಕಿಂತ ಎರವಲು ಸ್ವರವೇ ಹೆಚ್ಚೆಂದು ಆ ಸಭೆಯಲ್ಲೇ ಅಸಮಾಧಾನ ವ್ಯಕ್ತಪಡಿಸಿದ ಕೆಲವರಲ್ಲಿ ಅವರೂ ಒಬ್ಬರು. ಮನಸ್ಸಿನಲ್ಲಿದ್ದುದನ್ನು ನುಂಗಿಕೊಳ್ಳುವ ಸ್ವಭಾವ ಅವರದಾಗಿರಲಿಲ್ಲ. ಈ ಗುಣ ಅವರಿಗೆ ಮುಂದೆ ಲಾಭಕ್ಕಿಂತ ನಷ್ಟವನ್ನೇ ಹೆಚ್ಚು ತಂದಿತೆನ್ನಬಹುದು.

1952ರ ಮಾರ್ಚ್ 30ರಂದು ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ವಿಧಾನಸೌಧದ ಮಾತಿಲ್ಲದೆ ಅವರ ಅಧಿಕಾರಾವಧಿಯ ಮಾತಿಲ್ಲ. ಶಂಕುಸ್ಥಾಪನೆ ನಡೆದದ್ದು ಅದಕ್ಕೂ ಮುನ್ನ, ಕೆ.ಸಿ. ರೆಡ್ಡಿಯವರ ಕಾಲದಲ್ಲಿ, 1951ರ ಜುಲೈ 13ರಂದು, ಪ್ರಧಾನಿ ನೆಹರೂ ಅವರಿಂದ. ಆಗ ಯೋಜಿಸಿದ್ದು ಸರಳ ಕಟ್ಟಡ. ಹನುಮಂತಯ್ಯನವರು ಆ ನಕ್ಷೆಯನ್ನು ಬದಿಗಿಟ್ಟು, ಎದುರಿಗಿದ್ದ ಬ್ರಿಟಿಷರ ಕಾಲದ ಅಠಾರಾ ಕಚೇರಿಯನ್ನು ಮೀರಿಸುವಂತೆ ದ್ರಾವಿಡ ಶೈಲಿಯ ಕಲ್ಲಿನ ಸೌಧವನ್ನು ರೂಪಿಸಲು ಬಿ.ಆರ್. ಮಾಣಿಕಂ ಅವರಿಗೆ ಹೊಣೆ ವಹಿಸಿದರು. ಕಾರಾಗೃಹದ ಕೈದಿಗಳೂ ಅದಕ್ಕೆ ದುಡಿದರು. ಸುಮಾರು 1.8 ಕೋಟಿ ರೂಪಾಯಿ ವೆಚ್ಚವಾಯಿತು. ಇಂದಿನ ಬೆಂಗಳೂರಿನಲ್ಲಿ ಆ ಮೊತ್ತಕ್ಕೆ ಒಳ್ಳೆಯ ಬಡಾವಣೆಯಲ್ಲೊಂದು ಮನೆಯೂ ಸಿಗುವುದು ಕಷ್ಟ. ಆದರೆ ಅಂದಿನ ದಿನಗಳಲ್ಲಿ ಅದು ದುಂದುವೆಚ್ಚವೆಂಬ ಟೀಕೆಗೆ ಗುರಿಯಾಯಿತು.

ಅವರಿಗೆ ನಿಜವಾಗಿ ದುಬಾರಿಯಾಗಿ ಪರಿಣಮಿಸಿದ್ದು ಮಾತ್ರ ಕಟ್ಟಡವಲ್ಲ, ನಕಾಶೆ. ಕನ್ನಡ ಪ್ರದೇಶಗಳೆಲ್ಲ ಒಂದಾದರೆ ಹಳೆ ಮೈಸೂರಿನ ಪ್ರಾಬಲ್ಯ ತಗ್ಗುವುದೆಂಬ ಆತಂಕ ಆ ಭಾಗದ ಅನೇಕ ನಾಯಕರಲ್ಲಿತ್ತು. ಅವರ ಸಮುದಾಯದ ಮುಖಂಡರಲ್ಲಂತೂ ಅದು ಇನ್ನಷ್ಟು ತೀವ್ರವಾಗಿತ್ತು. ತಮ್ಮ ಬೆಂಬಲದ ನೆಲೆ ಕುಸಿಯುವುದೆಂದು ತಿಳಿದಿದ್ದರೂ ಹನುಮಂತಯ್ಯನವರು ಏಕೀಕರಣದ ಪರವಾಗಿ ನಿಂತರು. ಪಕ್ಷದೊಳಗಿನ ಭಿನ್ನಮತ ಬಲಿತು 1956ರ ಆಗಸ್ಟ್‌ನಲ್ಲಿ ಅವರು ಅಧಿಕಾರ ತ್ಯಜಿಸಬೇಕಾಯಿತು. ಕಡಿದಾಳ್ ಮಂಜಪ್ಪ ಅಲ್ಪಕಾಲ ಆ ಸ್ಥಾನದಲ್ಲಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದವರು ಎಸ್. ನಿಜಲಿಂಗಪ್ಪ. ತಾವು ಬಯಸಿದ ರಾಜ್ಯವನ್ನು ಆಳುವ ಅವಕಾಶ ಹನುಮಂತಯ್ಯನವರಿಗೆ ಒದಗಲೇ ಇಲ್ಲ.

ಅನಂತರ ಅವರು ದೆಹಲಿಯತ್ತ ಮುಖ ಮಾಡಿದರು. 1962ರಲ್ಲಿ ಬೆಂಗಳೂರು ನಗರ ಕ್ಷೇತ್ರದಿಂದ ಲೋಕಸಭೆ ಪ್ರವೇಶಿಸಿದರು. ಮೊರಾರ್ಜಿ ದೇಸಾಯಿ ಉಪಪ್ರಧಾನಿಯಾದಾಗ, 1967ರಲ್ಲಿ, ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷತೆ ಇವರ ಪಾಲಿಗೆ ಬಂತು. ಆಯೋಗ ಒಟ್ಟು 20 ವರದಿಗಳನ್ನು ಸಲ್ಲಿಸಿತು. 1969ರಲ್ಲಿ ಕಾಂಗ್ರೆಸ್ ಒಡೆದಾಗ ನಿಜಲಿಂಗಪ್ಪನವರು ಒಂದು ಬಣದ ಮುಂದಾಳಾದರೆ, ಹನುಮಂತಯ್ಯನವರು ಇಂದಿರಾ ಗಾಂಧಿಯವರ ಜೊತೆ ಗುರುತಿಸಿಕೊಂಡರು. ಕಾನೂನು ಸಚಿವರಾಗಿ, 1971ರ ಗೆಲುವಿನ ಬಳಿಕ ರೈಲ್ವೆ ಸಚಿವರಾಗಿ ಕಾರ್ಯ ನಿರ್ವಹಿಸಿದರು. 1972ರ ಜುಲೈನಲ್ಲಿ ಆ ಹುದ್ದೆಯಿಂದಲೂ ನಿರ್ಗಮಿಸಿದರು.

ರೈಲ್ವೆ ಖಾತೆಗೂ ಬೆಂಗಳೂರಿನ ಸಂಸದರಿಗೂ ಅದೇನು ನಂಟೋ ತಿಳಿಯದು. ಇವರಿಗಿಂತ ಮೊದಲು ಎಚ್.ಸಿ. ದಾಸಪ್ಪ, ಬಳಿಕ 1991ರಲ್ಲಿ ಸಿ.ಕೆ. ಜಾಫರ್ ಷರೀಫ್, 2014ರಲ್ಲಿ ಕೆಲವು ತಿಂಗಳ ಕಾಲ ಡಿ.ವಿ. ಸದಾನಂದ ಗೌಡ ಇದೇ ಖಾತೆ ಹೊಂದಿದ್ದರು. ಕೊನೆಯ ಇಬ್ಬರೂ ಬೆಂಗಳೂರು ಉತ್ತರದ ಪ್ರತಿನಿಧಿಗಳೆಂಬುದು ವಿಶೇಷ.

1977ರ ಮಾರ್ಚ್ ಚುನಾವಣೆಯ ಹೊತ್ತಿಗೆ ಹಳೆಯ ಕ್ಷೇತ್ರ ಇರಲಿಲ್ಲ. ರಾಜ್ಯದ ಸ್ಥಾನಗಳು 27ರಿಂದ 28ಕ್ಕೇರಿದ್ದವು, ಬೆಂಗಳೂರು ಇಬ್ಭಾಗವಾಗಿತ್ತು. ಉತ್ತರದಲ್ಲಿ ಕಾಂಗ್ರೆಸ್ಸಿನಿಂದ ಜಾಫರ್ ಷರೀಫ್ ಕಣಕ್ಕಿಳಿದರು. ಹನುಮಂತಯ್ಯನವರು ದಕ್ಷಿಣದಲ್ಲಿ ಸ್ಪರ್ಧಿಸಿದರು. ಎದುರಾಳಿಯಾಗಿದ್ದವರು ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1973ರಲ್ಲಿ ಸೇವಾ ಹಿರಿತನವನ್ನು ಕಡೆಗಣಿಸಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಿದಾಗ ಸುಪ್ರೀಂ ಕೋರ್ಟ್ ತೊರೆದು ಬಂದ ಮೂವರಲ್ಲಿ ಅವರೊಬ್ಬರು. ಮಾಜಿ ಕಾನೂನು ಸಚಿವರಿಗೂ ಸರ್ಕಾರದ ನಡೆಯಿಂದ ನೊಂದು ಹೊರಬಂದ ನ್ಯಾಯಾಧೀಶರಿಗೂ ನಡುವಿನ ಸ್ಪರ್ಧೆ ಅದಾಗಿತ್ತು. ತುರ್ತು ಪರಿಸ್ಥಿತಿಯ ಕಹಿಯನ್ನು ಬೆಂಗಳೂರು ಹತ್ತಿರದಿಂದ ಕಂಡಿತ್ತು. ವಾಜಪೇಯಿ, ಅಡ್ವಾಣಿ ಇಲ್ಲಿನ ಸೆರೆಮನೆಯಲ್ಲಿದ್ದರು. ಅದೇ ಸೆರೆಮನೆಯಿಂದ ಬಿಡುಗಡೆಯಾದ ಕಲಾವಿದೆ ಸ್ನೇಹಲತಾ ರೆಡ್ಡಿ ಆ ವರ್ಷದ ಜನವರಿಯಲ್ಲಷ್ಟೇ ಮೃತಪಟ್ಟಿದ್ದರು.

ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ ಆ ಚುನಾವಣೆಯಲ್ಲಿ ಕರ್ನಾಟಕ ಆ ಪಕ್ಷಕ್ಕೆ 26 ಸ್ಥಾನಗಳನ್ನು ನೀಡಿತು. ಸೋತದ್ದು ಎರಡೇ ಕಡೆ, ಹಾಸನ ಮತ್ತು ಬೆಂಗಳೂರು ದಕ್ಷಿಣ. ಸತತ ಮೂರು ಬಾರಿ ಬೆಂಗಳೂರನ್ನು ಗೆದ್ದವರು, ಪಕ್ಷ ರಾಜ್ಯವನ್ನೇ ಗುಡಿಸಿ ಗೆದ್ದ ವರ್ಷ ಸೋತರು. ಉತ್ತರದಲ್ಲಿ ಷರೀಫ್ ಗೆದ್ದರು. ಹನುಮಂತಯ್ಯನವರು ಅತ್ತ ನಿಂತಿದ್ದರೆ ಏನಾಗುತ್ತಿತ್ತೆಂಬುದು ಊಹೆಗೆ ಬಿಟ್ಟ ಮಾತು. ಹೆಗ್ಡೆಯವರು ಅದೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು.

ಹನುಮಂತಯ್ಯನವರು 1980ರ ಡಿಸೆಂಬರ್ 1ರಂದು ನಿಧನರಾದರು. ನಗರದ ಡಬಲ್ ರೋಡ್‌ಗೆ ಅವರ ಹೆಸರಿಡಲಾಗಿದೆ. ಕ್ಷೇತ್ರಗಳ ಗಡಿ ಅಷ್ಟಕ್ಕೇ ನಿಲ್ಲಲಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರವೂ ಅಳಿದು ಬೆಂಗಳೂರು ಗ್ರಾಮಾಂತರ ಬಂತು, ಜಯಮಹಲ್ ವಿಧಾನಸಭಾ ಕ್ಷೇತ್ರ ಇಲ್ಲವಾಯಿತು, ಹೆಬ್ಬಾಳ ಹೊಸ ವಿಧಾನಸಭಾ ಕ್ಷೇತ್ರವಾಗಿ ಬೆಂಗಳೂರು ಉತ್ತರಕ್ಕೆ ಸೇರಿತು. ಹೆಬ್ಬಾಳಕ್ಕೆ ಕೂಗಳತೆಯಲ್ಲಿರುವ ಯಲಹಂಕದ ಮತದಾರರು ಮಾತ್ರ ಅಂದಿನಿಂದ ಲೋಕಸಭೆಗೆ ಚಿಕ್ಕಬಳ್ಳಾಪುರದ ಪ್ರತಿನಿಧಿಯನ್ನು ಆರಿಸುತ್ತಿದ್ದಾರೆ.