ಮನೆ ಮನೆಗೆ ಹೋಗಿ ಲೆಕ್ಕ ಬರೆದ ಡು ಬಾಯ್ಸ್

ಸಮಾಜಶಾಸ್ತ್ರದ ಪ್ರಾಜೆಕ್ಟಿಗೆಂದು ನಮ್ಮ ಓಣಿಯ ಇಪ್ಪತ್ತು ಮನೆಗಳ ಬಾಗಿಲು ತಟ್ಟುವಷ್ಟರಲ್ಲಿ ನನಗೆ ಸಾಕಾಗಿಹೋಗಿತ್ತು. ಇದನ್ನೆಲ್ಲ ಬರೆದುಕೊಂಡು ಏನು ಮಾಡುತ್ತೀಯಮ್ಮಾ ಎಂದು ಒಬ್ಬರು ಖಾಲಾ ಕೇಳಿದಾಗ ಉತ್ತರ ಹೊಳೆಯಲಿಲ್ಲ. ಡಬ್ಲ್ಯೂ. ಇ. ಬಿ. ಡು ಬಾಯ್ಸ್ ಅವರ ಬಗ್ಗೆ ಓದಿದ್ದು ಆಮೇಲೆ. ಅವರು ಸುಮಾರು 2,500 ಮನೆಗಳಿಗೆ ಹೋಗಿದ್ದರು, ಅದೂ ಒಬ್ಬರೇ.

ಡು ಬಾಯ್ಸ್ 1868ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ಆ ದೇಶದಲ್ಲಿ ಗುಲಾಮಗಿರಿ ರದ್ದಾಗಿ ಆಗಿನ್ನೂ ಮೂರೇ ವರ್ಷ. 1895ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಮೊದಲ ಕಪ್ಪು ಅಮೆರಿಕನ್ ಆದರು.

ಮರುವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಅವರನ್ನು ಫಿಲಡೆಲ್ಫಿಯಾಕ್ಕೆ ಕರೆಸಿತು. ಕಪ್ಪು ಜನರು ಹೆಚ್ಚಾಗಿದ್ದ ಏಳನೇ ವಾರ್ಡಿನ ಅಧ್ಯಯನ ಅವರ ಕೆಲಸ. ಖಾಯಂ ಹುದ್ದೆ ಮಾತ್ರ ಕೊಡಲಿಲ್ಲ. ಹೊಸದಾಗಿ ಮದುವೆಯಾಗಿದ್ದ ಪತ್ನಿ ನೀನಾ ಜೊತೆ ಅದೇ ವಾರ್ಡಿನ ಒಂದು ಕೋಣೆಯಲ್ಲಿ ವಾಸ ಮಾಡಿ, ವಯಸ್ಸು, ಹುಟ್ಟಿದ ಊರು, ಕೆಲಸ, ಸಂಬಳ, ಬಾಡಿಗೆ ಎಲ್ಲವನ್ನೂ ಕೇಳಿ ಬರೆದುಕೊಂಡರು. (ನನ್ನ ಕೋಷ್ಟಕದಲ್ಲಿ ಬಾಡಿಗೆಯ ಕಾಲಂ ಇರಲೇ ಇಲ್ಲ.)

ಆ ಕಾಲದಲ್ಲಿ ಕಪ್ಪು ಜನರ ಬಡತನಕ್ಕೂ ಸಾವಿಗೂ ಅವರ ಹುಟ್ಟೇ ಕಾರಣವೆಂದು ಓದಿದವರೂ ನಂಬಿದ್ದರು. 1896ರಲ್ಲಿ ಹಾಫ್‌ಮನ್ ಎಂಬ ವಿಮಾ ಸಂಖ್ಯಾತಜ್ಞ ಮರಣ ಪ್ರಮಾಣದ ಅಂಕಿಗಳನ್ನು ಮುಂದಿಟ್ಟು, ಈ ಜನಾಂಗ ಅಳಿದುಹೋಗುತ್ತದೆ ಎಂದೇ ಬರೆದರು. ಅಂಕಿಗಳು ಇದ್ದವು. ಆದರೆ ಅವು ಹೇಳದ್ದನ್ನು ಅವುಗಳ ಬಾಯಿಂದ ಹೇಳಿಸಲಾಗಿತ್ತು. ಡು ಬಾಯ್ಸ್ ಯುರೋಪಿನ ಕೆಲವು ನಗರಗಳ ಅಂಕಿಗಳನ್ನು ಪಕ್ಕಕ್ಕಿಟ್ಟರು. ಅಲ್ಲಿ ಬಿಳಿಯರೇ ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತಿದ್ದರು. ಬಣ್ಣವೇ ಕಾರಣವಾಗಿದ್ದರೆ ಅದು ಹೇಗೆ ಸಾಧ್ಯ?

ಮನುಷ್ಯರನ್ನು ಲ್ಯಾಬಿನಲ್ಲಿಟ್ಟು, ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಬಣ್ಣ ಒಂದನ್ನೇ ಬದಲಿಸಿ ನೋಡಲು ಆಗುವುದಿಲ್ಲ. ಇರುವುದನ್ನೇ ವಿಂಗಡಿಸಿ ಹೋಲಿಸಬೇಕು. ವಾರ್ಡಿನ 9,675 ಕಪ್ಪು ನಿವಾಸಿಗಳನ್ನು ಅವರು ಒಂದೇ ಗುಂಪಾಗಿ ನೋಡದೆ ವಯಸ್ಸು, ಆದಾಯ, ಉದ್ಯೋಗಗಳ ಪ್ರಕಾರ ಬೇರೆ ಬೇರೆ ಮಾಡಿದರು. ಆಗ ನಿಜವಾದ ಕಾರಣಗಳು ಕಂಡವು: ದಕ್ಷಿಣದಿಂದ ಹೊಸದಾಗಿ ವಲಸೆ ಬಂದವರು, ಮನೆಗೆಲಸ ಬಿಟ್ಟರೆ ಬೇರೆ ಕೆಲಸ ಸಿಗದವರು, ಕೆಟ್ಟ ಮನೆಗೆ ದುಬಾರಿ ಬಾಡಿಗೆ ಕೊಡುವವರು. ಇದೆಲ್ಲ 1899ರಲ್ಲಿ ಪುಸ್ತಕವಾಯಿತು.

ಅದೇ ವರ್ಷ ಏಪ್ರಿಲ್‌ನಲ್ಲಿ, ಅವರು ಪಾಠ ಮಾಡುತ್ತಿದ್ದ ಅಟ್ಲಾಂಟಾದ ಹತ್ತಿರ ಸ್ಯಾಮ್ ಹೋಸ್ ಎಂಬ ಕಪ್ಪು ಕೂಲಿಯನ್ನು ಗುಂಪೊಂದು ಸುಟ್ಟು ಕೊಂದಿತು. ಡು ಬಾಯ್ಸ್ ಸಮಾಧಾನದ ಮಾತಿನ ಒಂದು ಪತ್ರ ಬರೆದುಕೊಂಡು ಪತ್ರಿಕಾ ಕಚೇರಿಗೆ ಹೊರಟರು. ಹೋಸ್‌ನ ಬೆರಳ ಗೆಣ್ಣುಗಳನ್ನು ದಿನಸಿ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾರೆಂದು ದಾರಿಯಲ್ಲಿ ಕೇಳಿ ಹಿಂದಿರುಗಿದರು. ನಾನೂ ಇಲ್ಲಿಗೆ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಜನರಿಗೆ ಸತ್ಯ ಗೊತ್ತಿಲ್ಲ, ತೋರಿಸಿದರೆ ಒಪ್ಪುತ್ತಾರೆ ಎಂಬ ಅವರ ನಂಬಿಕೆ ಅಂದು ಅಲುಗಾಡಿತು. ಮರುತಿಂಗಳೇ, ಎರಡು ವರ್ಷವೂ ತುಂಬದ ಮಗ ಡಿಫ್ತೀರಿಯಾದಿಂದ ತೀರಿಕೊಂಡ.

ಆದರೂ ಲೆಕ್ಕ ಬಿಡಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನಕ್ಕೆ ವಿದ್ಯಾರ್ಥಿಗಳ ಜೊತೆ ಸೇರಿ ಸುಮಾರು ಅರವತ್ತು ಬಣ್ಣದ ನಕ್ಷೆಗಳನ್ನು ಕೈಯಿಂದಲೇ ಬರೆದರು. 1909ರಲ್ಲಿ ಕಪ್ಪು ಜನರ ಹಕ್ಕುಗಳ ಸಂಘಟನೆಯ ಸ್ಥಾಪಕರಲ್ಲಿ ಒಬ್ಬರಾದರು. 1963ರ ಆಗಸ್ಟ್ 27ರಂದು, 95ನೇ ವಯಸ್ಸಿನಲ್ಲಿ, ಘಾನಾದ ಅಕ್ರಾದಲ್ಲಿ ನಿಧನರಾದರು. ಮರುದಿನ ವಾಷಿಂಗ್ಟನ್‌ನಲ್ಲಿ ಹಕ್ಕುಗಳಿಗಾಗಿ ಸೇರಿದ್ದ ಎರಡು ಲಕ್ಷಕ್ಕೂ ಹೆಚ್ಚು ಜನರಿಗೆ ವೇದಿಕೆಯಿಂದಲೇ ಆ ಸುದ್ದಿ ತಿಳಿಸಲಾಯಿತು.